ಬಾಂದ್ರಾ ಬಂದರಿನ ಹಾಯಿದೋಣಿ



ಬಾಂದ್ರಾ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆಂದು ನನಗೆ ಗೊತ್ತಿದೆ. ಲಿಂಕಿಂಗ್ ರೋಡಿನ ಚಪ್ಪಲಿ ಅಂಗಡಿಗಳು, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ನಟರ ಬಂಗಲೆಯ ಗೇಟಿನ ಮುಂದೆ ಕತ್ತೆತ್ತಿ ನಿಂತ ಜನ, ಕಾರ್ಟರ್ ರೋಡಿನ ಸಂಜೆಯ ಗಾಳಿ. ಮದುವೆಯಾಗಿ 1992ರಲ್ಲಿ ಇಲ್ಲಿಗೆ ಬಂದ ನನಗೂ ಬಹಳ ವರ್ಷ ಬಾಂದ್ರಾ ಅಂದರೆ ಅಷ್ಟೇ ಆಗಿತ್ತು. ಜೊತೆಗೆ ಸ್ಟೇಷನ್ನಿನ ಹೊರಗಿನ ತರಕಾರಿ ಮತ್ತು ಚಿಂಬಾಯಿಯ ಮೀನು. ಬಾಂದ್ರಾ ಒಂದು ಬಂದರು ಎಂದು ನನಗೆ ತಿಳಿದದ್ದು 2019ರಲ್ಲಿ, ಅದೂ ಒಂದು ಅರ್ಜಿಯ ದೆಸೆಯಿಂದ.

ಹೆಸರನ್ನೇ ನೋಡಿ. ಮರಾಠಿಯವರ ವಾಂದ್ರೆ, ಇಂಗ್ಲಿಷಿನವರ ಬಾಂದ್ರಾ, ಎರಡರ ಮೂಲವೂ ಪಾರಸಿಯ 'ಬಂದರ್' ಎಂದು ಹೇಳುತ್ತಾರೆ. ನಮ್ಮ ಕನ್ನಡದ 'ಬಂದರು' ಕೂಡ ಅಲ್ಲಿಂದಲೇ ಬಂದದ್ದು. ಲ್ಯಾಂಡ್ಸ್ ಎಂಡಿನಲ್ಲಿ ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕೋಟೆಯ ಹೆಸರು ಅಗ್ವಾದಾ. ಅಂದರೆ ಹಡಗುಗಳು ಸಿಹಿನೀರು ತುಂಬಿಸಿಕೊಳ್ಳುವ ಜಾಗ. ಈಗ ಅಲ್ಲಿ ಕಾಲೇಜಿನ ಜೋಡಿಗಳು ಕೂತಿರುತ್ತಾರೆ, ನೀರು ಬಾಟಲಿಯಲ್ಲಿ ಬರುತ್ತದೆ. 1845ರಲ್ಲಿ ಮಾಹಿಮ್ ಕಾಸ್‌ವೇ ಆಗುವ ತನಕ ಆಚೆಯ ಮಾಹಿಮಿನಿಂದ ಇಲ್ಲಿಗೆ ದೋಣಿಯಲ್ಲೇ ದಾಟಬೇಕಿತ್ತು. ಆ ರಸ್ತೆಗೆ ಹಣ ಕೊಟ್ಟವರು ಜಮ್‌ಶೇಟ್‌ಜಿ ಜೀಜಿಭಾಯ್ ಅವರ ಪತ್ನಿ ಆವಾಬಾಯಿ. ಮನೆಯಲ್ಲಿದ್ದ ಹೆಂಗಸೊಬ್ಬಳು ಮಾಡಿಸಿದ ಕೆಲಸವೆಂದು ಆ ದಾರಿಯಲ್ಲಿ ಬಸ್ಸು ಹೋಗುವಾಗಲೆಲ್ಲ ನನಗೆ ಒಳಗೊಳಗೇ ಸಂತೋಷ.

ಇರಲಿ, ದೋಣಿಯ ಕಥೆಗೆ ಬರುತ್ತೇನೆ.

2018ರ ಡಿಸೆಂಬರಿನಲ್ಲಿ ನನ್ನ ಮಗ ತನ್ನ ಇಬ್ಬರು ಸ್ನೇಹಿತರೊಡನೆ ಸೇರಿ ಒಂದು ಹಳೆಯ ಹಾಯಿದೋಣಿಯನ್ನು ಕೊಂಡ. ಹದಿನೆಂಟು ಅಡಿ ಉದ್ದ, ಫೈಬರಿನದು, ಒಂದು ಕಂಬ, ಎರಡು ಹಾಯಿ, ಹಿಂದೆ ಸಿಕ್ಕಿಸುವ ಒಂದು ಪುಟ್ಟ ಎಂಜಿನ್. ಮೂವರ ಉಳಿತಾಯವೂ ಅದಕ್ಕೆ ಹೋಯಿತು. ಇವರು ಪೇಪರಿನಿಂದ ತಲೆಯೆತ್ತದೆ, "ಪಾರ್ಕಿಂಗ್ ಎಲ್ಲಿ?" ಎಂದು ಕೇಳಿದರು. ಮಾಹಿಮ್ ಕೊಲ್ಲಿಯಲ್ಲಿ ಕೋಳಿಗಳ ದೋಣಿಗಳ ಪಕ್ಕದಲ್ಲಿ, ತಿಂಗಳಿಗಿಷ್ಟು ಎಂದು ಕೊಟ್ಟು. ಕಾಗದಪತ್ರ ಎಲ್ಲಿ ಎಂದು ನಾನು ಕೇಳಿದೆ. ಮಗ ಒಂದು ಪ್ಲಾಸ್ಟಿಕ್ ಫೋಲ್ಡರ್ ತೋರಿಸಿದ. ಅದರಲ್ಲಿ ಮಡಿಕೆ ಬಿದ್ದ ಒಂದು ನೋಂದಣಿ ಪತ್ರ, ಮತ್ತು ನೋಟ್‌ಬುಕ್ಕಿನ ಹಾಳೆಯ ಮೇಲೆ ಒಬ್ಬ ಮಹಿಳೆ 'ಹಣ ತಲುಪಿತು' ಎಂದು ಬರೆದ ಚೀಟಿ. ಅಷ್ಟೇ.

"ಅಮ್ಮ, ದೋಣಿಗೆಲ್ಲ ಯಾರು ಕಾಗದ ಕೇಳುತ್ತಾರೆ?" ಎಂದ.

ಕೇಳಿದರು, ಎರಡನೆಯ ಭಾನುವಾರವೇ. ಕರಾವಳಿ ಪೊಲೀಸರ ಬೋಟು ಬಂದು ನಿಂತಿತು. ಪತ್ರದಲ್ಲಿದ್ದ ಹೆಸರು ನೋಡಿ, "ಇವರು ಎಲ್ಲಿ?" ಎಂದರಂತೆ. "ತೀರಿಕೊಂಡಿದ್ದಾರೆ" ಎಂದ ನನ್ನ ಮಗ. "ಹಾಗಾದರೆ ನೀವು ಯಾರು?" ಈ ಪ್ರಶ್ನೆಗೆ ಮೂವರಲ್ಲಿ ಒಬ್ಬನ ಬಳಿಯೂ ಉತ್ತರವಿರಲಿಲ್ಲ. ಪೊಲೀಸರು ಸಭ್ಯರು, ಕಾಗದ ಸರಿಮಾಡಿಕೊಳ್ಳುವ ತನಕ ದೋಣಿಯನ್ನು ನೀರಿಗಿಳಿಸಬೇಡಿ ಎಂದು ಹೇಳಿ ಕಳಿಸಿದರು.

ಅವರ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. 1993ರ ಸ್ಫೋಟಗಳಿಗೆ ಬಳಸಿದ ಸಾಮಗ್ರಿಯನ್ನು ರಾಯಗಢದ ಶೇಖಾಡಿ ತೀರದಲ್ಲಿ ದೋಣಿಯಿಂದಲೇ ಇಳಿಸಿದ್ದರು. 2008ರ ನವೆಂಬರಿನಲ್ಲಿ ಹತ್ತು ಮಂದಿ ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕೆಯ ಬೋಟನ್ನು ವಶಪಡಿಸಿಕೊಂಡು ಬಂದು, ಕೊನೆಯಲ್ಲಿ ಗಾಳಿ ತುಂಬಿದ ರಬ್ಬರಿನ ದೋಣಿಯಲ್ಲಿ ಕಫ್ ಪರೇಡಿನ ಮೀನುಗಾರರ ಕಾಲೊನಿಯ ಬಳಿ ಇಳಿದರು. ನಿಮ್ಮಲ್ಲಿ ಹಲವರು ಆಗ ಇನ್ನೂ ಚಿಕ್ಕವರು. ಅದರ ನಂತರ ದೋಣಿ ಯಾರದ್ದು, ಹತ್ತಿದವರು ಯಾರು ಎಂದು ಕೇಳದೆ ಬಿಡುವ ಕಾಲ ಹೋಯಿತು. ಊರಿಗೆ ಹೋದಾಗ ಮಲ್ಪೆಯಲ್ಲಿ ಬೋಟುಗಳ ಮೇಲೆ 'ಐಎನ್‌ಡಿ-ಕೆಎ' ಎಂದು ಶುರುವಾಗುವ ದೊಡ್ಡ ನಂಬರನ್ನು ನೀವು ನೋಡಿರಬಹುದು. ಇಲ್ಲಿಯ ಕೋಳಿಗಳ ದೋಣಿಗಳ ಮೇಲೆ 'ಐಎನ್‌ಡಿ-ಎಂಎಚ್'.

ಹುಡುಗರಿಗೆ ಆಫೀಸು, ರಜೆ ಇಲ್ಲ. ಮನೆಯಲ್ಲಿ ಬಿಡುವಾಗಿರುವವಳು ಯಾರು? ನಾನು. ಉಡುಪಿಯಲ್ಲಿ ಇಂಗ್ಲಿಷ್ ಸಾಹಿತ್ಯ ತೆಗೆದುಕೊಂಡು ಬಿ.ಎ. ಮಾಡಿದವಳಲ್ಲವೇ, ಅರ್ಜಿ ಬರೆಯಲು ಬರುತ್ತದೆ ಎಂಬ ನಂಬಿಕೆ. ಶೇಕ್ಸ್‌ಪಿಯರನ 'ಟೆಂಪೆಸ್ಟ್' ನಮಗೆ ಪಠ್ಯವಾಗಿತ್ತು. ಅದು ಹಡಗು ಒಡೆಯುವುದರಿಂದಲೇ ಶುರುವಾಗುತ್ತದೆ, ಆದರೆ ಇಡೀ ನಾಟಕದಲ್ಲಿ ಆ ಹಡಗಿನ ನೋಂದಣಿ ಪತ್ರವನ್ನು ಯಾರೂ ಕೇಳುವುದಿಲ್ಲ!

ಮೊದಲು ತಿಳಿಯಬೇಕಾದದ್ದು ದೋಣಿ ಯಾವ ಜಾತಿಯದ್ದು ಎಂದು. ನಮ್ಮ ದೇಶದಲ್ಲಿ ದೋಣಿಗೂ ಜಾತಿ ಇದೆ. ಮೀನು ಹಿಡಿಯುವುದಾದರೆ ಮೀನುಗಾರಿಕೆ ಇಲಾಖೆಯವರ ಪುಸ್ತಕ. ಸಮುದ್ರ ದಾಟುವ ಹಡಗಾದರೆ ಕೇಂದ್ರ ಸರಕಾರದ ಮರ್ಕೆಂಟೈಲ್ ಮರೀನ್ ಡಿಪಾರ್ಟ್‌ಮೆಂಟ್. ಎಂಜಿನ್ ಇಟ್ಟುಕೊಂಡು ಖಾಡಿ, ನದಿ, ದಡದ ಹತ್ತಿರದ ಶಾಂತ ನೀರಿನಲ್ಲಿ ಓಡಾಡುವುದಾದರೆ ಒಳನಾಡು ಹಡಗುಗಳ ಕಾಯ್ದೆ, ರಾಜ್ಯದ ಮೇರಿಟೈಮ್ ಬೋರ್ಡು. ಆಗ ಜಾರಿಯಲ್ಲಿದ್ದ ಆ ಕಾಯ್ದೆ 1917ರದ್ದು. ಮೊದಲು ಅದರ ಹೆಸರಿನಲ್ಲೇ ಉಗಿ ಹಡಗು ಎಂದಿತ್ತು. 2021ರಲ್ಲಿ ಹೊಸ ಕಾಯ್ದೆ ಬಂತು. ಹಾಯಿಯೊಂದೇ ಇದ್ದಿದ್ದರೆ ನಮ್ಮ ಪಾಡು ಬೇರೆಯಾಗುತ್ತಿತ್ತು. ಹಿಂದೆ ತೂಗಾಡುತ್ತಿದ್ದ ಆ ಪುಟ್ಟ ಎಂಜಿನ್ನಿನಿಂದಾಗಿ ನಮ್ಮ ಹಾಯಿದೋಣಿ ಯಂತ್ರಚಾಲಿತ ಹಡಗು ಎನಿಸಿಕೊಂಡಿತ್ತು. ತೀರಿಕೊಂಡ ಮಾಲೀಕರು ಅದನ್ನು ಹಾಗೆಯೇ ನೋಂದಾಯಿಸಿದ್ದರು.

ಅರ್ಜಿ ತರಲು ಹೋದಾಗಲೇ ನಾನು ಬಾಂದ್ರಾ ಬಂದರನ್ನು ಕಂಡದ್ದು, ಕಾಗದದ ಮೇಲೆ. ಮಹಾರಾಷ್ಟ್ರದ 48 ಸಣ್ಣ ಬಂದರುಗಳನ್ನು 1996ರಲ್ಲಿ ಆದ ಮೇರಿಟೈಮ್ ಬೋರ್ಡು ಐದು ಗುಂಪು ಮಾಡಿ ಇಟ್ಟುಕೊಂಡಿದೆ: ಬಾಂದ್ರಾ, ಮೋರಾ, ರಾಜಪುರಿ, ರತ್ನಾಗಿರಿ, ವೆಂಗುರ್ಲಾ. ಹಡಗೇ ಬಾರದ ನಮ್ಮ ಬಾಂದ್ರಾ ಒಂದು ಗುಂಪಿನ ಯಜಮಾನ! ಇಲ್ಲಿಂದ ಉತ್ತರಕ್ಕೆ ಡಹಾಣೂವಿನವರೆಗಿನ ಬಂದರುಗಳು ಅದರ ಹೆಸರಿನಡಿ ಇವೆ. ಮನೆಗೆ ಬಂದು ಹೇಳಿದರೆ ಇವರು ನಂಬಲಿಲ್ಲ.

ಇನ್ನು ರಣವಾರ್. ಹಿಲ್ ರೋಡಿನಿಂದ ಒಳಗೆ ತಿರುಗಿದರೆ ಸಿಗುವ ಈ ಹಳೆಯ ಹಳ್ಳಿಯನ್ನು ನೀವು ಗೋಡೆಯ ಚಿತ್ರಗಳಿಗಾಗಿ ನೋಡಿರಬಹುದು. ಮರದ ಮೆಟ್ಟಿಲು ಹೊರಗೇ ಇರುವ ಮನೆಗಳು, ಕಲ್ಲಿನ ಶಿಲುಬೆ, ಎರಡು ಸ್ಕೂಟರ್ ಎದುರುಬದುರಾದರೆ ಒಂದು ಹಿಂದೆ ಹೋಗಬೇಕಾದ ಓಣಿ. ದೋಣಿ ಮಾರಿದ ಆಂಟಿ ಇರುವುದು ಅಲ್ಲಿ. ತಮ್ಮನ್ನು ಈಸ್ಟ್ ಇಂಡಿಯನ್ ಎಂದು ಕರೆದುಕೊಳ್ಳುವ, ಈ ನೆಲದ ಮೂಲದ ಕ್ರೈಸ್ತರು. ಮನೆಯಲ್ಲಿ ಆಡುವುದು ಒಂದು ಬಗೆಯ ಮರಾಠಿ. ಎಂಬತ್ತರ ಹತ್ತಿರದ ವಯಸ್ಸು. ನಾನು ಹೋದಾಗ ಚಹಾ ಕೊಟ್ಟು, ಗಂಡನ ಫೋಟೋ ತೋರಿಸಿ, "ನಾನು ಸಹಿ ಮಾಡಿದ್ದೇನಲ್ಲ, ಇನ್ನೇನು ಬೇಕು?" ಎಂದರು.

ಅದೇ ತೊಡಕು. ಗಂಡ ಉಯಿಲು ಬರೆದಿರಲಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಉತ್ತರಾಧಿಕಾರ ಕಾಯ್ದೆಯಂತೆ ಮಕ್ಕಳಿದ್ದರೆ ಹೆಂಡತಿಗೆ ಮೂರನೆಯ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ. ಅಂದರೆ ಆಂಟಿ ಮಾರಿದ್ದು ದೋಣಿಯ ಮೂರನೆಯ ಒಂದು ಭಾಗವನ್ನು ಮಾತ್ರ! ಮಗ ಕುವೈತಿನಲ್ಲಿ, ಮಗಳು ಟೊರಾಂಟೊದಲ್ಲಿ. ಇಬ್ಬರೂ ತಮ್ಮ ಒಪ್ಪಿಗೆಯನ್ನು ಅಲ್ಲಿಯ ನಮ್ಮ ರಾಯಭಾರ ಕಚೇರಿ, ಕಾನ್ಸುಲೇಟುಗಳಲ್ಲಿ ದೃಢೀಕರಿಸಿ ಕಳಿಸಬೇಕು. ಆಂಟಿಗೆ ಇದನ್ನು ಹೇಗೆ ಹೇಳುವುದು? ನೀವು ನಿಮ್ಮದಲ್ಲದ್ದನ್ನು ಮಾರಿದಿರಿ ಎಂದ ಹಾಗಾಗುತ್ತದೆ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರಿಬ್ಬರಿಗೂ ಆ ದೋಣಿ ಹತ್ತಿದರೆ ವಾಂತಿ" ಎಂದರು.

ಮಾತಿಲ್ಲದೆ ಮೇಲೆ ನೋಡಿದೆ. ಹೊಗೆ ಹಿಡಿದ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಹಂಚು ಸಮುದ್ರಮಾರ್ಗವಾಗಿ ಮುಂಬಯಿಗೆ ಬರುತ್ತಿತ್ತು. ತಂದದ್ದು ಮಂಜಿಗಳು, ದೊಡ್ಡ ಹಾಯಿಯ ಸರಕು ಹಡಗಿಗೆ ನಮ್ಮ ಕಡೆ ಮಂಜಿ ಎನ್ನುತ್ತಾರೆ. ಈ ಮಾತು ನಿಮ್ಮಲ್ಲಿ ಯಾರೂ ಕೇಳಿರಲಿಕ್ಕಿಲ್ಲ.

ನನ್ನ ಅಜ್ಜನಿಗೆ ಅಂಥದೊಂದು ಮಂಜಿಯಲ್ಲಿ ಪಾಲಿತ್ತು, ಹಂಗಾರಕಟ್ಟೆಯಲ್ಲಿ. ಮೂವರು ಸೇರಿ ಹಳೆಯದೊಂದನ್ನು ಕೊಂಡಿದ್ದರು. ಬಂದರಿನ ಪುಸ್ತಕದಲ್ಲಿ ಬರೆಸಿದ್ದು ಒಬ್ಬರ ಹೆಸರು, ಉಳಿದಿಬ್ಬರದ್ದು ಬಾಯಿಮಾತು. ಬಾಯಿಮಾತಿಗೆ ಆ ಕಾಲದಲ್ಲಿ ಬೆಲೆ ಇತ್ತು ಎಂದು ಹಿರಿಯರು ಹೇಳುತ್ತಾರಲ್ಲ, ಹೆಸರಿದ್ದವರು ಬದುಕಿರುವ ತನಕ ಇತ್ತು. ಅವರು ಕಣ್ಣು ಮುಚ್ಚಿದ ಮೇಲೆ ಅವರ ಮನೆಯವರು, ಪಾಲು ಎಲ್ಲಿ ಬರೆದಿದೆ ತೋರಿಸಿ ಎಂದರು. ಅಜ್ಜನ ಬಳಿ ಇದ್ದದ್ದು ತೆಂಗಿನಕಾಯಿ, ಹಂಚಿನ ಬಾಡಿಗೆ ಬರೆದಿಟ್ಟ ಲೆಕ್ಕದ ಪುಸ್ತಕ. ಸಂಬಂಧದಲ್ಲಿ ಕೋರ್ಟಿಗೆ ಹೋಗುವುದು ನಾಚಿಕೆ ಎಂದು ಅವರು ಹೋಗಲಿಲ್ಲ. ನನ್ನ ಅಪ್ಪ ಹದಿನೇಳರಲ್ಲಿ ಮುಂಬಯಿಗೆ ಬಂದು ಕೋಟೆಯ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಓದಿದ್ದು ಅದರ ಮುಂದಿನ ವರ್ಷ. ಆ ಲೆಕ್ಕದ ಪುಸ್ತಕವನ್ನು ಅಮ್ಮ ಬಹಳ ಕಾಲ ಕಪಾಟಿನಲ್ಲಿಟ್ಟಿದ್ದರು, ಗೆದ್ದಲು ತಿಂದಿತು.

ಆಂಟಿಗೆ ಇದನ್ನೆಲ್ಲ ಹೇಳಬೇಕೆಂದಿರಲಿಲ್ಲ, ಹೇಳಿಬಿಟ್ಟೆ. ಅವರು ಎದ್ದು ಟೆಲಿಫೋನಿನ ಡೈರಿ ತಂದು ಮಕ್ಕಳ ನಂಬರು ಕೊಟ್ಟರು.

ಮುಂದಿನ ಎರಡು ತಿಂಗಳು ನನ್ನ ದಾರಿ ರೈಲ್ವೆ ಗೆರೆಯ ಆಚೆ, ಬಾಂದ್ರಾ ಪೂರ್ವ. ಪಶ್ಚಿಮದವರು ಪೂರ್ವವನ್ನು ಬಾಂದ್ರಾ ಎಂದೇ ಒಪ್ಪುವುದಿಲ್ಲ. ಆದರೆ ಏನಾದರೂ ಸರಕಾರಿ ಕೆಲಸ ಬಿದ್ದರೆ ಎಲ್ಲರೂ ಅಲ್ಲಿಗೇ ಹೋಗಬೇಕು. ಉಪನಗರ ಜಿಲ್ಲೆಯ ಕಲೆಕ್ಟರ್ ಕಚೇರಿ, ಕೋರ್ಟು, ಸರಕಾರಿ ಕಾಲೊನಿಯ ಹಳೆಯ ಕಟ್ಟಡಗಳು. ಹೊರಗೆ ಮರದ ನೆರಳಿನಲ್ಲಿ ನೋಟರಿಗಳು, ಟೈಪು ಮಾಡುವವರು, ಜೆರಾಕ್ಸಿನವರು, ವಡಾಪಾವಿನ ಗಾಡಿ. ಅಲ್ಲಿಯ ನೋಟರಿಯೊಬ್ಬರು ಮನೆ, ಅಂಗಡಿ, ಟ್ಯಾಕ್ಸಿ, ಮದುವೆ, ವಿಚ್ಛೇದನ ಎಲ್ಲದರ ಕಾಗದ ಮಾಡಿದವರು, ದೋಣಿಯದ್ದು ಮಾಡಿರಲಿಲ್ಲ. ಮೋಟಾರು ಗಾಡಿಯ ಮಾರಾಟದ ನಮೂನೆಯನ್ನೇ ತೆಗೆದು 'ವಾಹನ' ಎಂದಿದ್ದಲ್ಲೆಲ್ಲ 'ದೋಣಿ' ಎಂದು ತಿದ್ದಿದರು. ಒಂದು ಕಡೆ ತಿದ್ದಲು ಮರೆತು, ನಮ್ಮ ದೋಣಿಯ ನಾಲ್ಕು ಟಯರುಗಳು ಸುಸ್ಥಿತಿಯಲ್ಲಿವೆ ಎಂದು ಉಳಿದಿತ್ತು. ಓದಿ ನೋಡಿದ್ದು ಒಳ್ಳೆಯದಾಯಿತು. ಆಗ ನೂರು ರೂಪಾಯಿಯ ಸ್ಟಾಂಪು ಪೇಪರ್ ನಡೆಯುತ್ತಿತ್ತು, 2024ರಿಂದ ಅದು ಐನೂರಾಗಿದೆ.

ಕರಾರಿಗೆ ಕೊಳ್ಳುವವರ ಹೆಸರು ಬರೆಸುವಾಗ ಹುಡುಗರ ಜೊತೆ ಜಗಳವೇ ಆಯಿತು. ಮೂವರೂ ಬಂದು ಸಹಿ ಹಾಕುವುದು ಕಷ್ಟ, ಒಬ್ಬನ ಹೆಸರು ಸಾಕು ಎಂಬುದು ಅವರ ವಾದ. "ಆಂಟಿ, ನಮ್ಮ ನಡುವೆ ಅಂಥದ್ದೆಲ್ಲ ಇಲ್ಲ" ಎಂದ ಕಾರ್ಕಳದ ಕಡೆಯ ಹುಡುಗ. ಇನ್ನೊಬ್ಬ ಗುಜರಾತಿ, ವ್ಯಾಪಾರದ ಮನೆಯವನಾದ್ದರಿಂದ ಅವನು ಸುಮ್ಮನಿದ್ದ. ಒಬ್ಬನ ಹೆಸರು ಎಂದರೆ ಯಾರ ಹೆಸರು ಎಂದು ಕೇಳಿದೆ. ನನ್ನ ಮಗನದ್ದು ಎಂದರು, ಕಾಗದಕ್ಕೆ ಓಡಾಡುವವಳು ನಾನು ಎಂಬ ದಾಕ್ಷಿಣ್ಯಕ್ಕೆ.

ಇಲ್ಲಿ ನಿಮಗೊಂದು ನಿಜ ಹೇಳಬೇಕು. ಅರೆಗಳಿಗೆ ನನಗೂ ಅದು ಅನುಕೂಲವೇ ಎನಿಸಿತು. ಮಗನ ಹೆಸರಿನಲ್ಲಿ ಒಂದು ದೋಣಿ! ಹಂಗಾರಕಟ್ಟೆಯಲ್ಲಿ ಪುಸ್ತಕದಲ್ಲಿ ಹೆಸರಿದ್ದವರ ಮನೆಯ ಹೆಂಗಸರಿಗೂ ಹೀಗೆಯೇ ಅನಿಸಿರಬೇಕು. ಅವರು ಕೆಟ್ಟವರೆಂದು ಐವತ್ತು ವರ್ಷ ನಂಬಿ ಬೆಳೆದವಳು ನಾನು. "ಮೂರು ಹೆಸರು ಬರೆಯಿರಿ, ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಬರುವುದಿಲ್ಲ" ಎಂದೆ. ದೊಡ್ಡ ಹಡಗುಗಳಿಗಿದ್ದ 1958ರ ಕಾಯ್ದೆಯಲ್ಲಿ ಒಂದು ಹಡಗನ್ನು ಹತ್ತು ಪಾಲು ಎಂದು ಲೆಕ್ಕ ಹಾಕಿ, ಹತ್ತು ಜನರ ತನಕ ಹೆಸರು ಬರೆಸಲು ಅವಕಾಶವಿತ್ತು. ಬ್ರಿಟನ್ನಿನಲ್ಲಿ ಅರುವತ್ತನಾಲ್ಕು ಪಾಲು. ಸಮುದ್ರದ ವ್ಯಾಪಾರದಲ್ಲಿ ಪಾಲುದಾರರು ಇರುವುದೇ ಕ್ರಮ ಎಂದು ಕಾನೂನು ಮಾಡಿದವರಿಗೂ ಗೊತ್ತಿತ್ತು. ನಮ್ಮ ಅರ್ಜಿಯಲ್ಲಿ ಮಾಲೀಕರ ಹೆಸರಿಗೆ ಇದ್ದದ್ದು ಒಂದೇ ಸಾಲು. ಕ್ಲಾರ್ಕನ್ನು ಕೇಳಿದೆ. "ಸಣ್ಣ ಅಕ್ಷರದಲ್ಲಿ ಬರೆಯಿರಿ ಮ್ಯಾಡಮ್" ಎಂದರು. ಬಿ.ಎ.ಯ ಪರೀಕ್ಷೆಯಲ್ಲೂ ನಾನು ಅಷ್ಟು ಚಿಕ್ಕದಾಗಿ ಬರೆದಿರಲಿಲ್ಲ.

ಎಲ್ಲ ಸರಿಯಾಯಿತು ಎನ್ನುವಾಗ ಎಂಜಿನ್ ತಕರಾರು ತೆಗೆಯಿತು. ಪರಿಶೀಲನೆಗೆಂದು ದೋಣಿಯನ್ನು ಮಾಹಿಮ್ ಮರಳಿನ ಮೇಲೆ ಎಳೆದಿದ್ದೆವು. ಪಕ್ಕದ ದೋಣಿಯ ಕೋಳಿ ಕಾಕಾ ಮತ್ತು ಅವರ ಮಕ್ಕಳು ಕೈಹಾಕದಿದ್ದರೆ ನಮ್ಮ ಮೂವರು ಇಂಜಿನಿಯರುಗಳಿಂದ ಅದು ಒಂದು ಗೇಣೂ ಸರಿಯುತ್ತಿರಲಿಲ್ಲ. ಸರ್ವೇಯರ್ ಬಂದು ತಳ ತಟ್ಟಿ ನೋಡಿದರು, ಉದ್ದ ಅಗಲ ಅಳೆದರು, ಲೈಫ್ ಜಾಕೆಟ್ ಎಣಿಸಿದರು. ಆಮೇಲೆ ಎಂಜಿನ್ನಿನ ನಂಬರು ಓದಿ ಪತ್ರದ ನಂಬರಿಗೆ ಹೋಲಿಸಿದರು. ಎರಡೂ ಬೇರೆ! ತೀರಿಕೊಂಡವರು ಯಾವಾಗಲೋ ಎಂಜಿನ್ ಬದಲಾಯಿಸಿ ಯಾರಿಗೂ ತಿಳಿಸಿರಲಿಲ್ಲ. ಕದ್ದ ಎಂಜಿನ್ ಅಲ್ಲ ಎಂದು ತೋರಿಸಲು ಬಿಲ್ಲು ಬೇಕು. ಕೊಳ್ಳುವ ಮೊದಲು ನಂಬರು ನೋಡಿದ್ದಿರಾ ಎಂದು ಹುಡುಗರನ್ನು ಕೇಳಿದರೆ, ಹಾಯಿ ನೋಡಿದೆವು ಎಂದರು.

ಮತ್ತೆ ರಣವಾರ್. ಆಂಟಿ ಮತ್ತು ನಾನು ಒಂದು ಮಧ್ಯಾಹ್ನವಿಡೀ ಬಿಸ್ಕತ್ತಿನ ಡಬ್ಬಿಗಳನ್ನು ನೆಲದ ಮೇಲೆ ಸುರಿದು ಹುಡುಕಿದೆವು. ಲೈಟ್ ಬಿಲ್ಲು, ಇಗರ್ಜಿಯ ರಸೀದಿ, ಮಕ್ಕಳ ಶಾಲೆಯ ಪ್ರಗತಿಪತ್ರ, 1974ರ ರೈಲ್ವೆ ಪಾಸು. ಎಂಜಿನ್ನಿನ ಬಿಲ್ಲು ಸಿಕ್ಕಿದ್ದು ಗಂಡನ ಪ್ರಾರ್ಥನಾ ಪುಸ್ತಕದ ಒಳಗೆ, ನಾಲ್ಕಾಗಿ ಮಡಿಸಿ. ಬೆಲೆ ನೋಡಿ ಆಂಟಿ ಕೆಂಪಾದರು. ಮನೆಯಲ್ಲಿ ಹೇಳಿದ್ದು ಅದರ ಅರ್ಧವಂತೆ! ಬಿಲ್ಲು ಅಡಗಿಸಿಡಲು ಅದಕ್ಕಿಂತ ಒಳ್ಳೆಯ ಜಾಗ ಅವರಿಗೆ ತೋಚಿರಲಿಲ್ಲವೇನೋ. ನಾವಿಬ್ಬರೂ ಬಹಳ ಹೊತ್ತು ನಕ್ಕೆವು, ಆಮೇಲೆ ಅವರು ಒಂದಿಷ್ಟು ಅತ್ತರು.

ಉಳಿದದ್ದು ಬೇಗ ಆಯಿತು. ಕುವೈತಿನದ್ದು ಮೊದಲು ಬಂತು, ಟೊರಾಂಟೊದ್ದು ಮೂರು ವಾರ ತಡವಾಗಿ. ವಿಮೆ, ಸರ್ವೆಯ ಪತ್ರ, ಮೂವರ ಫೋಟೋ. ಏಪ್ರಿಲ್ ಕೊನೆಯಲ್ಲಿ ಹೊಸ ಪತ್ರ ಕೈಗೆ ಬಂದಾಗ ನಾನು ಮಾಡಿದ ಮೊದಲ ಕೆಲಸ ಮೂರೂ ಹೆಸರುಗಳ ಕಾಗುಣಿತ ನೋಡಿದ್ದು. ಸರಿ ಇತ್ತು.

ಒಂದು ಮಾತು ಬಿಟ್ಟೆ. ದೋಣಿಗೆ ಒಂದು ಹೆಸರಿತ್ತು, ಆಂಟಿಯದ್ದೇ. ಹುಡುಗರಿಗೆ ಕನ್ನಡದ್ದೊಂದು ಹೆಸರಿಡುವ ಆಸೆ. ನನ್ನ ಮಗ ನನ್ನಿಂದ ಮಂಜಿಯ ಕಥೆ ಕೇಳಿ 'ಮಂಜಿ' ಎಂದೇ ಇಡೋಣ ಎಂದ. ಹೆಸರು ಬದಲಿಸಲು ಮತ್ತೊಂದು ಅರ್ಜಿ, ಮತ್ತೊಂದು ಒಪ್ಪಿಗೆ ಬೇಕು. ನಾನು ಬರೆದುಕೊಡುವುದಿಲ್ಲ ಎಂದುಬಿಟ್ಟೆ. ಆಂಟಿಯ ಹೆಸರು ಹಾಗೆಯೇ ಉಳಿಯಿತು, ಹಳೆಯ ನೀಲಿ ಅಕ್ಷರಗಳ ಮೇಲೆ ಹೊಸ ಬಣ್ಣ ಕೊಟ್ಟೆವು.

ಮೇ ತಿಂಗಳ ಮೊದಲ ಭಾನುವಾರ ಆಂಟಿಯನ್ನು ರಿಕ್ಷಾದಲ್ಲಿ ಕರೆದುಕೊಂಡು ರೆಕ್ಲಮೇಶನ್ನಿನ ದಂಡೆಗೆ ಹೋದೆ. ಕಾಸ್‌ವೇ ದಾಟಿ ರಿಕ್ಷಾ ಹೋಗುವಂತಿಲ್ಲ, ನಿಮಗೆ ಗೊತ್ತೇ ಇದೆ. ಆದ್ದರಿಂದ ನಾವು ಈಚೆ ದಡದಲ್ಲಿ, ದೋಣಿ ಆಚೆಯಿಂದ ಹೊರಟಿತು. 2009ರಲ್ಲಿ ಆದ ಸೀ ಲಿಂಕಿನ ಬುಡದಲ್ಲಿ ಅದರ ಕಂಬ ಬೆಂಕಿಕಡ್ಡಿಯ ಹಾಗೆ ಕಂಡಿತು. ಗಾಳಿ ಸಾಲದೆ ನಡುವೆ ಎರಡು ಸಲ ನಿಂತಿತು, ಮೂರನೆಯ ಸಲ ಹುಡುಗರು ಎಂಜಿನ್ ಹಾಕಿದರು. ಆಂಟಿ, "ಅವರು ಒಮ್ಮೆಯೂ ಎಂಜಿನ್ ಹಾಕುತ್ತಿರಲಿಲ್ಲ. ಅದಕ್ಕೆ ಅಷ್ಟು ಹಣ ಕೊಟ್ಟದ್ದು ಯಾಕೋ" ಎಂದರು.

ಮನೆಗೆ ಬಿಟ್ಟು ಹೊರಡುವಾಗ, ಹಳೆಯ ನೋಂದಣಿ ಪತ್ರ ಏನಾಯಿತು ಎಂದು ಕೇಳಿದರು. ಅದನ್ನು ಕಚೇರಿಗೆ ಒಪ್ಪಿಸಬೇಕಾಯಿತು ಎಂದೆ. ನನ್ನ ಬಳಿ ಒಂದು ಜೆರಾಕ್ಸ್ ಇತ್ತು, ಕೊಟ್ಟೆ. ಕೆಳಗಿನ ಮೂಲೆಯಲ್ಲಿ ಗಂಡನ ಸಹಿ ಇದ್ದ ಜಾಗವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮಡಿಸಿ, ಪ್ರಾರ್ಥನಾ ಪುಸ್ತಕದೊಳಗೆ ಇಟ್ಟರು.